ತಮ್ಮನ ಗೆಡ್ಡೆಯ ಸ್ಯಾಂಪಲ್ ಕ್ಯಾನ್ಸರ್ ಜೀನೋಮ್ ಸಂಸ್ಥೆಗೆ ಹೋಗಿದೆ, ಅಲ್ಲಿ ಅದನ್ನ ಏನ್ಮಾಡ್ತಾರೆ?

ಕಾಡುಮಲ್ಲಿಗೆ
ಎಲ್ರಿಗೂ ನಮಸ್ಕಾರ. ನನ್ನ ತಮ್ಮಂಗೆ ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಗಿದೆ, ಬೇರೆ ಕಡೆ ಹರಡಿಲ್ಲ ಅಂದಿದಾರೆ, ಈಗ ಕೀಮೋ ನಡೀತಿದೆ. ಆಪರೇಷನ್‌ಗೆ ಮುಂಚೆ ಒಂದು ಫಾರಂಗೆ ಸೈನ್ ಹಾಕಿಸ್ಕೊಂಡ್ರು, ತೆಗೆದ ಗೆಡ್ಡೆಯಲ್ಲಿ ಒಂದು ತುಂಡು, ಜೊತೆಗೆ ಒಂದು ಟ್ಯೂಬ್ ರಕ್ತ, ಎರಡೂ ಕ್ಯಾನ್ಸರ್ ಜೀನೋಮ್ ಮೇಲೆ ಕೆಲಸ ಮಾಡೋ ಒಂದು ರಿಸರ್ಚ್ ಸಂಸ್ಥೆಗೆ ಹೋಗುತ್ತೆ ಅಂದ್ರು. ಆ ಹೊತ್ತಲ್ಲಿ ನಮಗೆ ಕೂತು ಓದೋ ಸ್ಥಿತಿ ಇರ್ಲಿಲ್ಲ, ಸೈನ್ ಹಾಕಿದ್ವಿ. ಈಗ ಸ್ವಲ್ಪ ಉಸಿರಾಡೋಕೆ ಟೈಮ್ ಸಿಕ್ಕಿದೆ, ಪ್ರಶ್ನೆಗಳು ಶುರುವಾಗಿವೆ. ಗೆಡ್ಡೆ ತಗೊಂಡ್ರು ಸರಿ, ರಕ್ತ ಯಾಕೆ? ಅಲ್ಲಿಂದ ನಮಗೆ ರಿಪೋರ್ಟ್ ಬರುತ್ತಾ? ಅವನ ಟ್ರೀಟ್‌ಮೆಂಟ್‌ಗೆ ಅದ್ರಿಂದ ಏನಾದ್ರೂ ಉಪಯೋಗ ಇದ್ಯಾ?

ಇದಲ್ದೆ ಆಸ್ಪತ್ರೆಯವರೇ ಮಾಡಿಸಿದ ಜೀನ್ ಟೆಸ್ಟ್‌ನಲ್ಲಿ ಬಿರಾಫ್ ವಿ600ಇ ಪಾಸಿಟಿವ್ ಅಂತ ಬಂದಿದೆ, ಬಿರಾಫ್ ಅನ್ನೋ ಜೀನ್‌ನಲ್ಲಿ ಆಗಿರೋ ಒಂದು ಬದಲಾವಣೆಯಂತೆ. ನೆಟ್‌ನಲ್ಲಿ ನೋಡಿದ್ರೆ ಅದಕ್ಕೆ ಮಾತ್ರೆ ಇದೆ ಅಂತಾರೆ, ಡಾಕ್ಟರ್ ಕೇಳಿದ್ರೆ ಈಗ ಬೇಡ, ಅದೊಂದೇ ಕೊಟ್ರೆ ಕರುಳಿಗೆ ಕೆಲಸ ಮಾಡಲ್ಲ ಅಂದ್ರು, ಯಾಕೆ ಅಂತ ಕೇಳೋಷ್ಟರಲ್ಲಿ ಮುಂದಿನ ಪೇಷಂಟ್ ಒಳಗೆ ಬಂದಾಗಿತ್ತು. ಜೀನ್ ಅಂದ್ಮೇಲೆ ನಂಗೂ ನನ್ನ ಮಕ್ಕಳಿಗೂ ಬರುತ್ತಾ ಅನ್ನೋ ಭಯ ಬೇರೆ. ಗೊತ್ತಿರೋರು ದಯವಿಟ್ಟು ಹೇಳಿ.

ನೀಲಿಪ್ಲೇಟ್
ಮೇಡಂ, ನಾನು ಇಂಥದ್ದೇ ಒಂದು ಸಂಸ್ಥೆಲಿ ಡೇಟಾ ಅನಾಲಿಸಿಸ್ ಕಡೆ ಇರೋನು. ಡಾಕ್ಟರ್ ಅಲ್ಲ, ಹಾಗಾಗಿ ಟ್ರೀಟ್‌ಮೆಂಟ್ ನಿರ್ಧಾರದ ಬಗ್ಗೆ ನಿಮ್ಮ ಡಾಕ್ಟರ್ ಮಾತೇ ಕೊನೆ. ಆದ್ರೆ ಸ್ಯಾಂಪಲ್ ಒಳಗೆ ಬಂದ್ಮೇಲೆ ಏನಾಗುತ್ತೆ ಅನ್ನೋದನ್ನ ಹೇಳಬಲ್ಲೆ.

ಮೊದಲು ರಕ್ತದ ವಿಷಯ, ಯಾಕಂದ್ರೆ ನಿಮ್ಮ ಕೊನೆಯ ಭಯಕ್ಕೂ ಉತ್ತರ ಅಲ್ಲೇ ಇದೆ. ಮನುಷ್ಯನ ಜೀನೋಮ್ ಅಂದ್ರೆ ಅವನ ಪೂರ್ತಿ ಡಿಎನ್‌ಎ, ಎ, ಸಿ, ಜಿ, ಟಿ ಅನ್ನೋ ನಾಲ್ಕೇ ಅಕ್ಷರದಲ್ಲಿ ಬರೆದ ಹೆಚ್ಚುಕಮ್ಮಿ 300 ಕೋಟಿ ಅಕ್ಷರ. ನಿಮ್ಮದನ್ನೋ ನಂದನ್ನೋ ತಗೊಂಡು ಸ್ಟ್ಯಾಂಡರ್ಡ್ ಜೀನೋಮ್ ಜೊತೆ ಹೋಲಿಸಿದ್ರೆ 40ರಿಂದ 50 ಲಕ್ಷ ಜಾಗದಲ್ಲಿ ವ್ಯತ್ಯಾಸ ಸಿಗುತ್ತೆ. ಇವೆಲ್ಲ ಹುಟ್ಟಿದಾಗಿಂದ ಇರೋವು, ಬಹುಪಾಲು ಏನೂ ತೊಂದರೆ ಇಲ್ಲದವು. ಗೆಡ್ಡೆ ಜೀವಕೋಶದಲ್ಲಿ ಇಷ್ಟೂ ಇರುತ್ತೆ, ಇದರ ಮೇಲೆ ಆಮೇಲೆ ಬದುಕಿನ ದಾರಿಲಿ ಸೇರ್ಕೊಂಡ ಬದಲಾವಣೆಗಳು, ಒಂದೊಂದು ಕ್ಯಾನ್ಸರ್‌ನಲ್ಲಿ ಕೆಲವು ನೂರು, ಒಂದೊಂದರಲ್ಲಿ ಲಕ್ಷ ದಾಟುತ್ತೆ. ನಮಗೆ ಬೇಕಾಗಿರೋದು ಈ ಎರಡನೇ ಗುಂಪು. ಅದೇ ಮನುಷ್ಯನ ರಕ್ತ ಕೈಲಿಲ್ದೆ ಹೋದ್ರೆ ಹುಟ್ಟಿನಿಂದ ಬಂದಿದ್ದು ಯಾವುದು, ಗೆಡ್ಡೆಲಿ ಮಾತ್ರ ಆಗಿದ್ದು ಯಾವುದು ಅಂತ ಬೇರೆ ಮಾಡೋದು ತುಂಬಾ ಕಷ್ಟ. ರಕ್ತದ ಡಿಎನ್‌ಎನ ಸುಮಾರು 30 ಸಲ ಓದ್ತೀವಿ, ಗೆಡ್ಡೆದನ್ನ 60, 100 ಸಲ, ಯಾಕಂದ್ರೆ ಗೆಡ್ಡೆ ತುಂಡಲ್ಲಿ ಎಲ್ಲಾ ಕ್ಯಾನ್ಸರ್ ಜೀವಕೋಶನೇ ಇರಲ್ಲ, ಮಾಮೂಲಿ ಜೀವಕೋಶಗಳೂ ಕಲೆತಿರ್ತಾವೆ, ಸ್ವಲ್ಪ ಜೀವಕೋಶದಲ್ಲಿ ಮಾತ್ರ ಇರೋ ಬದಲಾವಣೆ ಕಣ್ಣಿಗೆ ಬೀಳಬೇಕಂದ್ರೆ ಅಷ್ಟು ಓದಲೇಬೇಕು.

ಬಿರಾಫ್ ವಿ600ಇ ಈ ಎರಡನೇ ಗುಂಪಿಗೆ ಸೇರಿದ್ದು. ಅದು ನಿಮ್ಮ ತಮ್ಮನ ಗೆಡ್ಡೆಲಿ ಹುಟ್ಟಿದ್ದು, ಅಪ್ಪ ಅಮ್ಮನಿಂದ ಬಂದಿದ್ದಲ್ಲ, ಹಾಗಾಗಿ ಈ ಬದಲಾವಣೆ ನಿಮಗಾಗ್ಲಿ ನಿಮ್ಮ ಮಕ್ಕಳಿಗಾಗ್ಲಿ ಬರೋ ಪ್ರಶ್ನೆನೇ ಇಲ್ಲ.

ದಾರಿಹೋಕ
ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಹ್ಯೂಮನ್ ಜೀನೋಮ್ ಓದಿ ಮುಗಿಸಿದ್ದು 2003ರಲ್ಲಿ. ಆಗ್ಲೇ ಕ್ಯಾನ್ಸರ್‌ಗೆ ಪರಿಹಾರ ಬಂತು ಅನ್ನೋ ಹಾಗೆ ಮಾತಾಡಿದ್ರು. ನಮ್ಮ ಮನೇಲಿ ಇಬ್ಬರನ್ನ ಕಳ್ಕೊಂಡಿದೀವಿ, ಇಬ್ಬರಿಗೂ ಕೊಟ್ಟಿದ್ದು ಅದೇ ಹಳೇ ಕೀಮೋ. ಈ ಸಂಸ್ಥೆಗಳು ಓದ್ತಾನೇ ಇದಾವೆ, ಪಟ್ಟಿ ಮಾಡ್ತಾನೇ ಇದಾವೆ. ಪೇಷಂಟ್ ಹಾಸಿಗೆ ತನಕ ಬಂದಿದ್ದು ಎಷ್ಟು? ಜಗಳಕ್ಕೆ ಕೇಳ್ತಿಲ್ಲ, ನಿಜವಾಗ್ಲೂ ತಿಳ್ಕೋಬೇಕು ಅಂತ ಕೇಳ್ತಿದೀನಿ.

ನೀಲಿಪ್ಲೇಟ್
ನೀವು ಕೇಳ್ತಿರೋದು ಸರಿಯಾಗೇ ಇದೆ, ನಿಮ್ಮ ಮನೆಯ ನೋವಿನ ಮುಂದೆ ನಾನು ಅಂಕಿ ಹಿಡ್ಕೊಂಡು ನಿಲ್ಲಲ್ಲ. ಮೇಡಂ ಕೇಳಿದ ಬಿರಾಫ್ ಕಥೆನೇ ಹೇಳ್ತೀನಿ, ಎಲ್ಲಿ ಬಂತು, ಎಲ್ಲಿ ಸಿಕ್ಕಾಕೊಂಡ್ತು ಅನ್ನೋದು ಅದರಲ್ಲೇ ಕಾಣುತ್ತೆ.

ಇಂಗ್ಲೆಂಡ್‌ನ ಕೇಂಬ್ರಿಡ್ಜ್ ಹತ್ರ ಹಿಂಕ್ಸ್‌ಟನ್ ಅಂತ ಒಂದೂರು, ಅಲ್ಲಿ ಸ್ಯಾಂಗರ್ ಇನ್‌ಸ್ಟಿಟ್ಯೂಟ್ ಇದೆ. ಹ್ಯೂಮನ್ ಜೀನೋಮ್‌ನ ಸುಮಾರು ಮೂರನೇ ಒಂದು ಭಾಗ ಓದಿದ ಜಾಗ ಅದು. 2000ದಲ್ಲಿ ಮೈಕ್ ಸ್ಟ್ರಾಟನ್ ಮತ್ತೆ ಜೊತೆಯವರು ಅಲ್ಲಿ ಕ್ಯಾನ್ಸರ್ ಜೀನೋಮ್ ಪ್ರಾಜೆಕ್ಟ್ ಶುರು ಮಾಡಿದ್ರು, ಆಗಿನ್ನೂ ಮನುಷ್ಯನ ಜೀನೋಮೇ ಪೂರ್ತಿ ಆಗಿರ್ಲಿಲ್ಲ. ಒಂದೊಂದೇ ಜೀನ್ ತಗೊಂಡು ಬೇರೆ ಬೇರೆ ಕ್ಯಾನ್ಸರ್‌ಗಳಲ್ಲಿ ಓದ್ತಾ ಹೋದಾಗ 2002ರಲ್ಲಿ ಸಿಕ್ಕಿದ್ದು ಬಿರಾಫ್. ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್ ಸ್ಯಾಂಪಲ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನದರಲ್ಲಿ ಬದಲಾವಣೆ, ಅದೂ ಬಹುತೇಕ ಒಂದೇ ಜಾಗದಲ್ಲಿ, ಒಂದೇ ಅಕ್ಷರ. ಅದರ ಮೇಲೆ ಔಷಧಿ ಮಾಡಿ, ಟ್ರಯಲ್ ಮುಗಿಸಿ, ವೆಮುರಾಫೆನಿಬ್‌ಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಅದಕ್ಕೆ ಮುಂಚೆ ಹರಡಿದ ಮೆಲನೋಮಕ್ಕೆ ಕೊಡೋಕೆ ಹೇಳಿಕೊಳ್ಳೋ ಅಂಥದ್ದು ಏನೂ ಇರ್ಲಿಲ್ಲ ಅಂತಾನೇ ಹೇಳಬೇಕು.

ಈಗ ಕರುಳು. ಅದೇ ಬದಲಾವಣೆ, ಅದೇ ಅಕ್ಷರ, ಕರುಳಿನ ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ ಎಂಟು ಹತ್ತು ಜನರಲ್ಲಿ ಇರುತ್ತೆ. ಮೆಲನೋಮಕ್ಕೆ ಕೆಲಸ ಮಾಡಿದ ಮಾತ್ರೆ ಇವರಿಗೆ ಕೊಟ್ರೆ ಬಹುತೇಕರಲ್ಲಿ ಗೆಡ್ಡೆ ಕದಲಲೇ ಇಲ್ಲ. ಯಾಕೆ ಅಂತ 2012ರಲ್ಲಿ ಗೊತ್ತಾಯ್ತು: ಕರುಳಿನ ಜೀವಕೋಶದಲ್ಲಿ ಬಿರಾಫ್ ತಡೆದ ತಕ್ಷಣ ಇಜಿಎಫ್‌ಆರ್ ಅನ್ನೋ ಇನ್ನೊಂದು ಪ್ರೋಟೀನ್ ಚುರುಕಾಗಿ, ಬೆಳಿ ಅನ್ನೋ ಸಂದೇಶ ಮತ್ತೆ ಒಳಗೆ ಹೋಗುತ್ತೆ. ಮುಂಬಾಗಿಲಿಗೆ ಚಿಲಕ ಹಾಕಿದ್ರೆ ಹಿತ್ತಲ ಬಾಗಿಲು ತಂತಾನೇ ತೆಕ್ಕೊಂಡ ಹಾಗೆ. ಮೆಲನೋಮ ಜೀವಕೋಶದಲ್ಲಿ ಇಜಿಎಫ್‌ಆರ್ ಕಡಿಮೆ, ಅದಕ್ಕೇ ಅಲ್ಲಿ ಮಾತ್ರೆ ಒಂದೇ ಸಾಕಾಯ್ತು. ಆಮೇಲೆ ಎರಡನ್ನೂ ಒಟ್ಟಿಗೆ ತಡೆಯೋ ಜೋಡಿ, ಎಂಕೊರಾಫೆನಿಬ್ ಜೊತೆ ಸೆಟುಕ್ಸಿಮ್ಯಾಬ್, ಹರಡಿದ ಕರುಳಿನ ಕ್ಯಾನ್ಸರ್‌ಗೆ 2020ರಲ್ಲಿ ಒಪ್ಪಿಗೆ ಆಯ್ತು. ನಿಮ್ಮ ತಮ್ಮಂಗೆ ಹರಡಿಲ್ಲ, ಡಾಕ್ಟರ್ ಈಗ ಬೇಡ ಅಂದಿದ್ದು ಇದಕ್ಕೇ ಇರಬೇಕು.

ದಾರಿಹೋಕ ಅವರೆ, 2002ರಿಂದ 2020. ಒಂದೇ ಅಕ್ಷರದ ಕಥೆಗೆ ಇಷ್ಟು ವರ್ಷ. ನಿಧಾನ ಅನ್ನೋದನ್ನ ನಾನು ಒಪ್ತೀನಿ. ಆದ್ರೆ ಪಟ್ಟಿ ಮಾಡೋದು ಪಟ್ಟಿಗೋಸ್ಕರ ಅಲ್ಲ. ಯಾವ ಬದಲಾವಣೆ ಯಾವ ಅಂಗದಲ್ಲಿ ಏನು ಮಾಡುತ್ತೆ ಅನ್ನೋದು ಸಾವಿರಾರು ಜನರ ಸ್ಯಾಂಪಲ್ ಪಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ಗೊತ್ತಾಗೋದು.

ಪ್ಯಾಥ್‌ರೂಮ್
ಸ್ಯಾಂಪಲ್ ಕಳಿಸೋ ಕಡೆಯಿಂದ ಸ್ವಲ್ಪ ಹೇಳ್ತೀನಿ. ನಾನು ಪ್ಯಾಥಾಲಜಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್.

ಆಪರೇಷನ್ ಥಿಯೇಟರ್‌ನಿಂದ ಗೆಡ್ಡೆ ಬಂತು ಅಂದ್ರೆ ಮಾಮೂಲಿಯಾಗಿ ಫಾರ್ಮಲಿನ್‌ಗೆ ಹಾಕ್ತೀವಿ, ಆಮೇಲೆ ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡ್ತೀವಿ, ತೆಳ್ಳಗೆ ಕಟ್ ಮಾಡಿ ಬಣ್ಣ ಹಾಕಿ ಸ್ಲೈಡ್. ಮೈಕ್ರೋಸ್ಕೋಪ್‌ನಲ್ಲಿ ನೋಡೋಕೆ ಇದಕ್ಕಿಂತ ಒಳ್ಳೇದಿಲ್ಲ. ಆದ್ರೆ ಫಾರ್ಮಲಿನ್ ಡಿಎನ್‌ಎನ ತುಂಡು ತುಂಡು ಮಾಡುತ್ತೆ, ಸಿ ಅಕ್ಷರ ಕೆಟ್ಟು ಓದುವಾಗ ಟಿ ಥರ ಕಾಣುತ್ತೆ, ಅಂದ್ರೆ ಇಲ್ಲದ ಮ್ಯುಟೇಷನ್ (ಡಿಎನ್‌ಎ ಬದಲಾವಣೆ) ಇರೋ ಹಾಗೆ ಕಾಣುತ್ತೆ. ಹಾಗಾಗಿ ಪೂರ್ತಿ ಜೀನೋಮ್ ಓದೋ ಪ್ರಾಜೆಕ್ಟ್‌ನವರು ತಾಜಾ ತುಂಡೇ ಬೇಕು ಅಂತಾರೆ, ಥಿಯೇಟರ್‌ನಿಂದ ಬಂದ ಕೂಡ್ಲೆ ಚಿಕ್ಕ ತುಂಡು ತೆಗೆದು ಲಿಕ್ವಿಡ್ ನೈಟ್ರೋಜನ್‌ಗೆ ಹಾಕಿ, ಅಲ್ಲಿಂದ ಮೈನಸ್ 80 ಫ್ರೀಜರ್‌ಗೆ ಇಡಬೇಕು. ಅದೂ ಡಯಾಗ್ನೋಸಿಸ್‌ಗೆ ಬೇಕಾಗಿರೋದು ತೆಗೆದಿಟ್ಟು ಉಳಿದಿದ್ದರಲ್ಲಿ ಮಾತ್ರ. ಪೇಷಂಟ್‌ಗೆ ಬೇಕಾಗಿದ್ದನ್ನ ರಿಸರ್ಚ್‌ಗೆ ಯಾವತ್ತೂ ಕೊಡಲ್ಲ, ಇದನ್ನ ಮೇಡಂ ಧೈರ್ಯವಾಗಿ ನಂಬಬಹುದು.

ಕಳಿಸೋಕೆ ಮುಂಚೆ ಆ ತುಂಡಿನದ್ದೇ ಒಂದು ಅಂಚು ಕಟ್ ಮಾಡಿ ಪ್ಯಾಥಾಲಜಿಸ್ಟ್ ನೋಡ್ತಾರೆ. ಪ್ಯಾಂಕ್ರಿಯಾಸ್ ಗೆಡ್ಡೆಗಳು ಬಂದಾಗ ನೋಡಬೇಕು, ಕೈಗೆ ಗಟ್ಟಿ ಗಂಟು, ಮೈಕ್ರೋಸ್ಕೋಪ್ ಕೆಳಗೆ ಇಟ್ರೆ ಬರೀ ನಾರು ನಾರು, ಮಧ್ಯೆ ಅಲ್ಲೊಂದು ಇಲ್ಲೊಂದು ಕ್ಯಾನ್ಸರ್ ಗುಂಪು. ಅಂಥದ್ದರಲ್ಲಿ ಸ್ಲೈಡ್ ಮೇಲೆ ಪೆನ್ನಲ್ಲಿ ರೌಂಡ್ ಹಾಕಿ ಕೊಡ್ತಾರೆ, ಆ ಜಾಗ ಮಾತ್ರ ಬ್ಲೇಡ್‌ನಿಂದ ಕೆರೆದು ತೆಗೀಬೇಕು. ಪೇಪರ್‌ನಲ್ಲಿ ಸಾವಿರಾರು ಜೀನೋಮ್ ಅಂತ ಒಂದೇ ಸಾಲಲ್ಲಿ ಬರೀತಾರಲ್ಲ, ಒಂದೊಂದರ ಹಿಂದೆನೂ ಯಾರೋ ಒಬ್ರು ಹೀಗೆ ಕೂತು ಕೆರೆದಿರ್ತಾರೆ. ಈ ಕೆಲಸ ಕೆಟ್ರೆ ಮುಂದೆ ಯಾವ ಕಂಪ್ಯೂಟರ್‌ನಿಂದಲೂ ಸರಿ ಮಾಡೋಕಾಗಲ್ಲ.

ಸುಮ್ನೆಓದುವೆ
ಬಹಳ ಒಳ್ಳೆ ಮಾಹಿತಿ. ಒಂದು ಡೌಟ್, ಗೆಡ್ಡೆಲಿ ಸಾವಿರಾರು ಬದಲಾವಣೆ ಅಂತೀರಿ, ಅದರಲ್ಲಿ ಕ್ಯಾನ್ಸರ್ ತಂದಿದ್ದು ಇದೇ ಅಂತ ಹೇಗೆ ಹೇಳ್ತೀರಾ?

ನೀಲಿಪ್ಲೇಟ್
ನನ್ನ ಪ್ರಕಾರ ಈ ಸಂಸ್ಥೆಗಳ ಅರ್ಧ ಕೆಲಸ ಇದೇ. ಗೆಡ್ಡೆನ ಮುಂದಕ್ಕೆ ತಳ್ಳೋ ಬದಲಾವಣೆಗೆ ಡ್ರೈವರ್ ಅಂತೀವಿ, ಸುಮ್ನೆ ಜೊತೆಗೆ ಬಂದಿದ್ದಕ್ಕೆ ಪ್ಯಾಸೆಂಜರ್. ಒಬ್ಬರದ್ದೇ ಗೆಡ್ಡೆ ನೋಡಿ ಬೇರೆ ಮಾಡೋಕೆ ಬರಲ್ಲ. ಸಾವಿರಾರು ಗೆಡ್ಡೆ ಇಟ್ಕೊಂಡು, ಆಕಸ್ಮಿಕವಾಗಿ ಆಗಿದ್ರೆ ಈ ಜೀನ್‌ನಲ್ಲಿ ಎಷ್ಟು ಬದಲಾವಣೆ ಇರಬೇಕಿತ್ತು, ನಿಜವಾಗಿ ಎಷ್ಟಿದೆ ಅಂತ ಲೆಕ್ಕ ಹಾಕ್ತೀವಿ. ಟಿಪಿ53 ಅನ್ನೋ ಜೀನ್ ಹೆಚ್ಚುಕಮ್ಮಿ ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಕೆಟ್ಟಿರುತ್ತೆ, ಅದು ಸುಮ್ನೆ ಆಗೋಕೆ ಸಾಧ್ಯನೇ ಇಲ್ಲ. ಅಮೆರಿಕದಲ್ಲಿ 2006ರಲ್ಲಿ ಶುರುವಾದ ಟಿಸಿಜಿಎ ಅನ್ನೋ ಕ್ಯಾನ್ಸರ್ ಜೀನೋಮ್ ಪ್ರಾಜೆಕ್ಟ್‌ನವರು 33 ಬಗೆ ಕ್ಯಾನ್ಸರ್, 11,000ಕ್ಕೂ ಹೆಚ್ಚು ಪೇಷಂಟ್‌ಗಳದ್ದು ಓದಿದ್ದು ಇದಕ್ಕೇ. 2020ರಲ್ಲಿ ಹಲವು ದೇಶದವರು ಸೇರಿ 38 ಬಗೆಯ 2,658 ಕ್ಯಾನ್ಸರ್‌ಗಳ ಪೂರ್ತಿ ಜೀನೋಮ್ ಹೊರಗೆ ತಂದ್ರು, ಅದರಲ್ಲಿ ಸರಾಸರಿ ಒಂದು ಗೆಡ್ಡೆಗೆ ನಾಲ್ಕೈದು ಡ್ರೈವರ್ ಅಷ್ಟೇ. ಸಾವಿರಾರರಲ್ಲಿ ನಾಲ್ಕೈದು! ಇನ್ನೊಂದು ವಿಷಯ, ನೂರಕ್ಕೆ ಐದರಷ್ಟು ಗೆಡ್ಡೆಗಳಲ್ಲಿ ಒಂದೇ ಒಂದು ಡ್ರೈವರ್ ಕೂಡ ಗುರುತು ಸಿಗ್ಲಿಲ್ಲ. ಪೂರ್ತಿ ಓದಿದ್ರೂ ಸಿಗ್ಲಿಲ್ಲ, ಹಾಗಾಗಿ ಕೆಲಸ ಮುಗಿದಿದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಇನ್ನೂ ತಲೆ ಕೆಡಿಸೋ ವಿಷಯ, ಡ್ರೈವರ್ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಕಣ್ಣುರೆಪ್ಪೆ ಆಪರೇಷನ್‌ನಲ್ಲಿ ತೆಗೆದ ಹೆಚ್ಚುವರಿ ಚರ್ಮನ ಸ್ಯಾಂಗರ್‌ನವರು ಓದಿ 2015ರಲ್ಲಿ ಪ್ರಕಟಿಸಿದ್ರು. ಮಧ್ಯವಯಸ್ಸು ದಾಟಿದವರ ಆರೋಗ್ಯವಾದ ಚರ್ಮ, ಕ್ಯಾನ್ಸರ್ ಸುಳಿವೇ ಇಲ್ಲ, ಆದ್ರೂ ಕಾಲು ಭಾಗದ ಆಸುಪಾಸು ಜೀವಕೋಶಗಳಲ್ಲಿ ಡ್ರೈವರ್ ಮ್ಯುಟೇಷನ್ ಕೂತಿತ್ತು. 2018ರಲ್ಲಿ ಅನ್ನನಾಳದ್ದು ನೋಡಿದಾಗಂತೂ ನಾಚ್1 ಅನ್ನೋ ಜೀನ್‌ನ ಬದಲಾವಣೆ ಅನ್ನನಾಳದ ಕ್ಯಾನ್ಸರ್‌ಗಿಂತ ಆರೋಗ್ಯವಾದ ಅನ್ನನಾಳದಲ್ಲೇ ಜಾಸ್ತಿ ಇತ್ತು. ನಾನು ಇದನ್ನ ಓದಿದ ದಿನ ಬೇರೆ ಕೆಲಸನೇ ಮಾಡೋಕಾಗ್ಲಿಲ್ಲ. ಎಲ್ಲರ ಮೈಲೂ ಇದು ನಡೀತಾನೇ ಇರುತ್ತೆ, ಬಹಳಷ್ಟು ಅಲ್ಲಲ್ಲೇ ನಿಂತು ಹೋಗುತ್ತೆ, ಯಾಕೆ ನಿಲ್ಲುತ್ತೆ ಅನ್ನೋದೇ ಈಗ ದೊಡ್ಡ ಪ್ರಶ್ನೆ.

ದಾರಿಹೋಕ
ಪ್ಯಾಸೆಂಜರ್‌ಗಳಿಂದ ಏನೂ ಉಪಯೋಗ ಇಲ್ವಾ ಹಾಗಾದ್ರೆ?

ನೀಲಿಪ್ಲೇಟ್
ಇದೆ ಸರ್, ತುಂಬಾ ಇದೆ, ನಂಗೆ ಇಷ್ಟವಾದ ಭಾಗನೇ ಅದು. ಡಿಎನ್‌ಎ ಕೆಡಿಸೋದೆಲ್ಲ ಒಂದೇ ಥರ ಕೆಡಿಸಲ್ಲ. ಬಿಸಿಲಿನ ನೇರಳಾತೀತ ಕಿರಣ ಸಿ ಇದ್ದಲ್ಲಿ ಟಿ ಮಾಡುತ್ತೆ, ಅದೂ ಪಕ್ಕಪಕ್ಕ ಸಿ ಅಥವಾ ಟಿ ಇರೋ ಜಾಗದಲ್ಲಿ. ಸಿಗರೇಟ್ ಹೊಗೆ ಸಿ ಇದ್ದಲ್ಲಿ ಎ ತರುತ್ತೆ. ಲ್ಯೂಡ್ಮಿಲ್ ಅಲೆಕ್ಸಾಂಡ್ರೊವ್ ಮತ್ತೆ ಸ್ಟ್ರಾಟನ್ ತಂಡ 2013ರಲ್ಲಿ 7,042 ಕ್ಯಾನ್ಸರ್‌ಗಳ ಮ್ಯುಟೇಷನ್ ಎಲ್ಲಾ ಒಟ್ಟು ಹಾಕಿ, ಅದರೊಳಗಿಂದ ಇಂಥ 20ಕ್ಕೂ ಹೆಚ್ಚು ಸಿಗ್ನೇಚರ್‌ಗಳನ್ನ, ಅಂದ್ರೆ ಒಂದೊಂದು ಕಾರಣ ಬಿಟ್ಟು ಹೋದ ಗುರುತುಗಳನ್ನ, ಬಿಡಿಸಿ ತೋರಿಸಿದ್ರು. ಆಮೇಲೆ ಗೊತ್ತಾಗಿದ್ದು, ದಿನಕ್ಕೆ ಒಂದು ಪ್ಯಾಕ್ ಸಿಗರೇಟ್ ಒಂದು ವರ್ಷ ಸೇದಿದ್ರೆ ಶ್ವಾಸಕೋಶದ ಒಂದೊಂದು ಜೀವಕೋಶದಲ್ಲೂ ಸರಾಸರಿ 150 ಮ್ಯುಟೇಷನ್ ಸೇರುತ್ತೆ.

ಇದರಿಂದ ಕಾರಣ ಹುಡುಕೋಕಾಗುತ್ತೆ. 11 ದೇಶಗಳ 962 ಕಿಡ್ನಿ ಕ್ಯಾನ್ಸರ್ ಜೀನೋಮ್ ಓದಿದ ಕೆಲಸ 2024ರಲ್ಲಿ ಬಂತು. ರೊಮೇನಿಯಾ, ಸರ್ಬಿಯಾ ಕಡೆಯ ಪೇಷಂಟ್‌ಗಳಲ್ಲಿ ಬಹಳಷ್ಟು ಜನಕ್ಕೆ ಅರಿಸ್ಟೋಲೋಕಿಕ್ ಆಸಿಡ್‌ನ ಗುರುತು ಸಿಕ್ಕಿತು, ಅರಿಸ್ಟೋಲೋಕಿಯ ಜಾತಿ ಗಿಡಗಳಲ್ಲಿರೋ ವಿಷ ಅದು. ಜಪಾನಿನವರಲ್ಲಿ 70 ಪರ್ಸೆಂಟ್‌ಗಿಂತ ಹೆಚ್ಚು ಪೇಷಂಟ್‌ಗಳಲ್ಲಿ ಇನ್ನೊಂದು ಗುರುತು, ಬೇರೆ ದೇಶದವರಲ್ಲಿ ಅಪರೂಪ, ಏನರಿಂದ ಆಗಿದ್ದು ಅಂತ ಆ ಕೆಲಸ ಮಾಡಿದವರಿಗೂ ಗೊತ್ತಾಗ್ಲಿಲ್ಲ. ಏನೋ ಒಂದು ಅಲ್ಲಿನ ಜನರ ಕಿಡ್ನಿನ ಮುಟ್ಟಿದೆ, ಸಾಕ್ಷಿ ಗೆಡ್ಡೆ ಒಳಗೇ ಬರೆದಿದೆ. ಇಂಥದ್ದು ಸಿಕ್ಕಿದ್ರೆ ಔಷಧಿಗಿಂತ ದೊಡ್ಡ ಲಾಭ, ಕ್ಯಾನ್ಸರ್ ಬರೋದನ್ನೇ ತಪ್ಪಿಸಬಹುದು. ಆದ್ರೆ ಇಲ್ಲೊಂದು ಕೊರತೆ ಹೇಳಲೇಬೇಕು, ಟಿಸಿಜಿಎಲಿ ಇರೋ ಸ್ಯಾಂಪಲ್ ಬಹುಪಾಲು ಯುರೋಪ್ ಮೂಲದವರದ್ದು. ಓದದೇ ಇರೋ ಜನರ ಗೆಡ್ಡೆಲಿ ಏನು ಬರೆದಿದೆ ಅಂತ ಯಾರಿಗೂ ಗೊತ್ತಾಗಲ್ಲ. ಮೇಡಂ ತಮ್ಮನಂಥವರು ಕೊಟ್ಟ ಒಂದೊಂದು ತುಂಡಿಗೂ ಬೆಲೆ ಇರೋದು ಅದಕ್ಕೆ.

ಎರಡನೇಸುತ್ತು
ನಾನು ಅಂಡಾಶಯದ ಕ್ಯಾನ್ಸರ್ ಪೇಷಂಟ್. ಇಷ್ಟೆಲ್ಲಾ ಓದಿ ಖುಷಿ ಆಯ್ತು, ಆದ್ರೆ ಒಂದು ಎಚ್ಚರಿಕೆ ಹೇಳಲೇಬೇಕು. ನನ್ನ ಮೊದಲನೇ ಜೀನ್ ರಿಪೋರ್ಟ್‌ನಲ್ಲಿ ಬಿಆರ್‌ಸಿಎ2ನಲ್ಲಿ (ಹುಟ್ಟಿನಿಂದಲೇ ಕೆಟ್ಟಿದ್ರೆ ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚಿಸೋ ಜೀನ್) ಒಂದು ವಿಯುಎಸ್ ಅಂತ ಬಂತು. ಅರ್ಥ ಗೊತ್ತಿಲ್ಲದ ಬದಲಾವಣೆ ಅಂತ, ಒಳ್ಳೇದೋ ಕೆಟ್ಟದ್ದೋ ಹೇಳೋಕಾಗಲ್ಲ ಅಂತ. ಅದನ್ನ ನಂಗೆ ಯಾರೂ ಕೂರಿಸಿ ಹೇಳ್ಲಿಲ್ಲ, ಕೌಂಟರ್‌ನಲ್ಲಿ ಕವರ್ ಕೊಟ್ಟು ಕಳಿಸಿದ್ರು. ನಾನು ಬಿಆರ್‌ಸಿಎ ಅಂತ ಕಂಡಿದ್ದೇ ತಡ ತಂಗಿಗೆ ಫೋನ್ ಮಾಡಿದೆ, ಅವಳು ಅಂಡಾಶಯ ತೆಗೆಸಿಬಿಡ್ತೀನಿ ಅಂತ ಹೊರಟಿದ್ಲು. ಪುಣ್ಯಕ್ಕೆ ಆಮೇಲೆ ಒಬ್ರು ಜೆನೆಟಿಕ್ ಕೌನ್ಸೆಲರ್ ಸಿಕ್ಕಿ, ವಿಯುಎಸ್ ಇಟ್ಕೊಂಡು ಯಾರೂ ಅಂಗ ತೆಗೆಸಬಾರದು, ಇವುಗಳಲ್ಲಿ ಬಹಳಷ್ಟು ಮುಂದೆ ನಿರಪಾಯ ಅಂತಾನೇ ತೀರ್ಮಾನ ಆಗುತ್ತೆ ಅಂತ ಬಿಡಿಸಿ ಹೇಳಿದ್ರು. ರಿಪೋರ್ಟ್ ಕೊಡೋ ಜಾಗದಲ್ಲಿ ವಿವರಿಸೋ ಮನುಷ್ಯ ಇಲ್ಲದಿದ್ರೆ ಎಷ್ಟು ಒಳ್ಳೆ ವಿಜ್ಞಾನ ಇದ್ರೂ ಪೇಷಂಟ್‌ಗೆ ಹಿಂಸೆನೇ.

ಅಷ್ಟೇ ಅಲ್ಲ, ಒಳ್ಳೇದೂ ಹೇಳ್ತೀನಿ. ನನ್ನ ಗೆಡ್ಡೆನ ಆಮೇಲೆ ಮತ್ತೆ ಪರೀಕ್ಷೆ ಮಾಡಿದಾಗ ಡಿಎನ್‌ಎ ರಿಪೇರಿ ಕೆಟ್ಟಿರೋ ಗುರುತು ಇದೆ ಅಂತ ಬಂತು, ಅದರ ಮೇಲೆ ಕೀಮೋ ಮುಗಿದ್ಮೇಲೆ ಪಾರ್ಪ್ ಔಷಧಿ, ಅಂದ್ರೆ ಡಿಎನ್‌ಎ ರಿಪೇರಿ ಮಾಡೋ ಪಾರ್ಪ್ ಅನ್ನೋ ಪ್ರೋಟೀನ್‌ನ ತಡೆಯೋ ಔಷಧಿ, ಶುರು ಮಾಡಿದ್ರು. ಈಗ್ಲೂ ತಗೋತಿದೀನಿ.

ನೀಲಿಪ್ಲೇಟ್
ಅಕ್ಕಾ, ನೀವು ಬರೆದಿದ್ದು ತುಂಬಾ ಮುಖ್ಯ. ಪಾರ್ಪ್ ವಿಷಯಕ್ಕೆ ಒಂದು ಸಾಲು ಸೇರಿಸ್ತೀನಿ. ಬಿಆರ್‌ಸಿಎ ಕೆಟ್ಟ ಜೀವಕೋಶಗಳು ಪಾರ್ಪ್ ತಡೆದ್ರೆ ಸಾಯ್ತಾವೆ ಅಂತ ಲ್ಯಾಬ್‌ನಲ್ಲಿ ತೋರಿಸಿದ್ದು 2005ರಲ್ಲಿ, ಮೊದಲ ಔಷಧಿ ಒಲಾಪರಿಬ್ ಒಪ್ಪಿಗೆ ಆಗಿದ್ದು 2014ರಲ್ಲಿ. ಇಂಥ ಇನ್ನೊಂದು ಜೋಡಿ, ಅಂದ್ರೆ ಒಂದು ಕೆಟ್ಟ ಜೀವಕೋಶದಲ್ಲಿ ಇನ್ನೊಂದನ್ನ ತಡೆದ್ರೆ ಅದು ಸಾಯೋ ಅಂಥದ್ದು, ಹುಡುಕೋಕೆ ಈಗ ಸ್ಯಾಂಗರ್, ಅಮೆರಿಕದ ಬ್ರಾಡ್ ಇನ್‌ಸ್ಟಿಟ್ಯೂಟ್ ಎರಡೂ ಕಡೆ ನೂರಾರು ಕ್ಯಾನ್ಸರ್ ಸೆಲ್ ಲೈನ್‌ಗಳಲ್ಲಿ (ಲ್ಯಾಬ್‌ನಲ್ಲಿ ಬೆಳೆಸೋ ಕ್ಯಾನ್ಸರ್ ಜೀವಕೋಶ) ಒಂದೊಂದೇ ಜೀನ್‌ನ ಕ್ರಿಸ್ಪರ್ ಅನ್ನೋ ಡಿಎನ್‌ಎ ಕತ್ತರಿಯಿಂದ ಕತ್ತರಿಸಿ ಯಾವುದಿಲ್ದೆ ಯಾವ ಕ್ಯಾನ್ಸರ್ ಬದುಕಲ್ಲ ಅಂತ ನೋಡ್ತಿದಾರೆ. ಎಂಎಸ್‌ಐ ಇರೋ ಕ್ಯಾನ್ಸರ್‌ಗಳು ಡಬ್ಲ್ಯುಆರ್‌ಎನ್ ಅನ್ನೋ ಜೀನ್ ಇಲ್ದೆ ಬದುಕಲ್ಲ ಅಂತ 2019ರಲ್ಲಿ ಸಿಕ್ತು, ಅದನ್ನ ತಡೆಯೋ ಔಷಧಿಗಳು ಈಗ ಪೇಷಂಟ್‌ಗಳ ಮೇಲೆ ಟ್ರಯಲ್‌ನಲ್ಲಿವೆ. ಓದೋದರಿಂದ ಮುಂದಿನ ಹೆಜ್ಜೆ ಇದು.

ಕಾಡುಮಲ್ಲಿಗೆ
ಎಲ್ರಿಗೂ ಕೈ ಮುಗಿತೀನಿ. ಎಷ್ಟೋ ಸಮಾಧಾನ ಆಯ್ತು. ಎಂಎಸ್‌ಐ ಅಂದ್ರಲ್ಲ, ಅವನ ರಿಪೋರ್ಟ್‌ನಲ್ಲೂ ಎಂಎಸ್‌ಐ ಹೈ ಅಂತ ಇದೆ. ಅದೇನು? ಮತ್ತೆ ಸಂಸ್ಥೆಯಿಂದ ರಿಪೋರ್ಟ್ ಬರುತ್ತಾ ಅನ್ನೋದು ಉಳ್ಕೊಂಡ್ತು. ಅವನ ಹೆಸರು ಅಲ್ಲಿ ಇರುತ್ತಾ?

ನೀಲಿಪ್ಲೇಟ್
ಎಂಎಸ್‌ಐ ಹೈ ಅಂದ್ರೆ ಡಿಎನ್‌ಎ ನಕಲಾಗುವಾಗ ಆಗೋ ತಪ್ಪನ್ನ ತಿದ್ದೋ ವ್ಯವಸ್ಥೆ ಆ ಗೆಡ್ಡೆಲಿ ಕೆಲಸ ಮಾಡ್ತಿಲ್ಲ ಅಂತ. ಇದು ಎರಡು ಕಾರಣಕ್ಕೆ ಮುಖ್ಯ. ಒಂದು, ಇಂಥ ಗೆಡ್ಡೆಗಳು ಹರಡಿದ್ರೆ ಇಮ್ಯೂನೋಥೆರಪಿ (ಮೈಯ ರೋಗನಿರೋಧಕ ಶಕ್ತಿನೇ ಕ್ಯಾನ್ಸರ್ ಮೇಲೆ ಬಿಡೋ ಚಿಕಿತ್ಸೆ) ಚೆನ್ನಾಗಿ ಕೆಲಸ ಮಾಡುತ್ತೆ, ಅಂಗ ಯಾವುದೇ ಆಗಿರಲಿ ಈ ಗುರುತು ಇದ್ರೆ ಕೊಡಬಹುದು ಅಂತ ಎಫ್‌ಡಿಎ ಮೊದಲ ಸಲ ಒಪ್ಪಿದ್ದು 2017ರಲ್ಲಿ. ಇನ್ನೊಂದು ನಿಮ್ಮ ಮನೆಯವರಿಗೆ ಸಂಬಂಧಪಟ್ಟಿದ್ದು. ಎಂಎಸ್‌ಐ ಹೈ ಬಂದ್ರೆ ಲಿಂಚ್ ಸಿಂಡ್ರೋಮ್ ಅನ್ನೋ ವಂಶವಾಹಿ ಕಾಯಿಲೆ ಇರಬಹುದಾ ಅಂತ ಯೋಚಿಸ್ತಾರೆ, ಆದ್ರೆ ಅದೇ ಗೆಡ್ಡೆಲಿ ಬಿರಾಫ್ ವಿ600ಇ ಕೂಡ ಇದ್ರೆ ಲಿಂಚ್ ಆಗೋ ಸಾಧ್ಯತೆ ತುಂಬಾ ಕಡಿಮೆ. ನಿಮಗೆ ಇದು ಒಳ್ಳೆ ಸುದ್ದಿನೇ, ಆದ್ರೂ ಮನೇಲಿ ಬೇರೆಯವರಿಗೆ ಚಿಕ್ಕ ವಯಸ್ಸಲ್ಲಿ ಕರುಳು ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದಿದ್ರೆ ಡಾಕ್ಟರ್ ಹತ್ರ ಹೇಳಿ, ಎರಡೂ ರಿಪೋರ್ಟ್ ಒಟ್ಟಿಗೆ ತೋರಿಸಿ ಲಿಂಚ್ ಬಗ್ಗೆ ನೇರವಾಗೇ ಕೇಳಿ.

ರಿಪೋರ್ಟ್ ಬರುತ್ತಾ ಅನ್ನೋದು ನೀವು ಸೈನ್ ಹಾಕಿದ ಫಾರಂ ಮೇಲೆ ನಿಂತಿದೆ. ಕೆಲವು ಪ್ರಾಜೆಕ್ಟ್‌ನಲ್ಲಿ ಏನೂ ವಾಪಸ್ ಕೊಡಲ್ಲ, ಕೆಲವದರಲ್ಲಿ ಮನೆಯವರಿಗೆ ಅಪಾಯ ಇರೋ ಅಂಥದ್ದು ಸಿಕ್ಕಿದ್ರೆ ಡಾಕ್ಟರ್ ಮೂಲಕ ತಿಳಿಸ್ತಾರೆ. ಫಾರಂನ ಕಾಪಿ ಕೇಳಿ ಇಸ್ಕೊಳ್ಳಿ, ಅದು ನಿಮ್ಮ ಹಕ್ಕು. ಹೆಸರು ನಮಗೆ ಕಾಣಲ್ಲ, ಕೋಡ್ ನಂಬರ್ ಮಾತ್ರ ಬರುತ್ತೆ. ಆದ್ರೆ ಪೂರ್ತಿ ಜೀನೋಮ್ ಅನ್ನೋದೇ ಒಬ್ಬ ಮನುಷ್ಯನ ಗುರುತು, ಹಾಗಾಗಿ ಅದನ್ನ ಯಾರು ಬೇಕಾದ್ರೂ ಡೌನ್‌ಲೋಡ್ ಮಾಡೋ ಹಾಗೆ ಇಡಲ್ಲ, ಬೇರೆ ವಿಜ್ಞಾನಿಗಳು ಅರ್ಜಿ ಹಾಕಿ, ಕಮಿಟಿ ಒಪ್ಪಿದ ಮೇಲೇನೇ ಸಿಗೋದು. ಮುಂದೆ ಯಾವಾಗಾದ್ರೂ ತಮ್ಮಂಗೆ ಬೇಡ ಅನ್ನಿಸಿದ್ರೆ ಒಪ್ಪಿಗೆ ವಾಪಸ್ ತಗೋಬಹುದು, ಟ್ರೀಟ್‌ಮೆಂಟ್‌ಗೆ ಏನೂ ತೊಂದರೆ ಆಗಲ್ಲ. ಆಗಲೇ ಹಂಚಿಕೆಯಾದ ಡೇಟಾನ ಮಾತ್ರ ಪೂರ್ತಿ ಹಿಂದಕ್ಕೆ ತರೋಕಾಗಲ್ಲ, ಇದನ್ನ ಮುಚ್ಚಿಡೋದು ಸರಿಯಲ್ಲ.

ಪ್ಯಾಥ್‌ರೂಮ್
ಮೇಡಂ, ಇನ್ನೊಂದು. ರಿಸರ್ಚ್‌ಗೆ ಹೋದ ತುಂಡು ಬೇರೆ, ಆಸ್ಪತ್ರೆಲಿರೋ ಮೇಣದ ಬ್ಲಾಕ್ ಬೇರೆ. ಮುಂದೆ ಹೊಸ ಟೆಸ್ಟ್ ಬಂದ್ರೆ ಬೇಕಾಗೋದು ಆ ಬ್ಲಾಕ್. ಬಯಾಪ್ಸಿ ರಿಪೋರ್ಟ್ ಮೇಲ್ಗಡೆ ಒಂದು ನಂಬರ್ ಇರುತ್ತೆ, ಅದನ್ನ ಬರೆದಿಟ್ಕೊಳ್ಳಿ. ಬೇರೆ ಊರಿಗೆ, ಬೇರೆ ಆಸ್ಪತ್ರೆಗೆ ಹೋಗೋ ಹಾಗಾದ್ರೆ ಬ್ಲಾಕ್ ಎಷ್ಟು ವರ್ಷ ಇಡ್ತೀರಾ, ಕೇಳಿದ್ರೆ ಕೊಡ್ತೀರಾ ಅಂತ ಲ್ಯಾಬ್‌ನಲ್ಲೇ ಕೇಳಿ, ವಾರ್ಡ್‌ನಲ್ಲಿ ಕೇಳಿದ್ರೆ ಅವರಿಗೆ ಗೊತ್ತಿರಲ್ಲ.

ಕಾಡುಮಲ್ಲಿಗೆ
ರಿಪೋರ್ಟ್ ತೆಗೆದು ನೋಡ್ದೆ, ನಂಬರ್ ಇದೆ, ಬರ್ಕೊಂಡೆ. ಲಿಂಚ್ ಬಗ್ಗೆ ಮುಂದಿನ ಕೀಮೋಗೆ ಹೋದಾಗ ಕೇಳ್ತೀನಿ, ಏನಂದ್ರು ಅಂತ ಇಲ್ಲೇ ಬರೀತೀನಿ.